ನಿಮಗಿದು ಗೊತ್ತೇ? ಲಿನಕ್ಸ್ ಲ್ಯಾಪ್‌ಟಾಪಿನ ಸ್ಪೀಕರ್ ಸುಮ್ಮನಾದಾಗ

ಲಿನಕ್ಸ್ ಹಾಕಿದ ಲ್ಯಾಪ್‌ಟಾಪಿನಿಂದ ಸದ್ದೇ ಹೊರಡುತ್ತಿಲ್ಲವೇ? ಬಹಳಷ್ಟು ಸಲ ಸ್ಪೀಕರ್ ಕೆಟ್ಟಿರುವುದಿಲ್ಲ. ಎಲ್ಲೋ ಒಂದು ಸ್ವಿಚ್ಚು ಮುಚ್ಚಿರುತ್ತದೆ, ಇಲ್ಲವೇ ಯಾವ ತಂತಿ ಎಲ್ಲಿಗೆ ಹೋಗಿದೆಯೆಂಬುದು ಲಿನಕ್ಸಿನ ತಿರುಳಾದ ಕರ್ನಲ್‌ಗೆ ತಿಳಿದಿರುವುದಿಲ್ಲ. ರಿಪೇರಿ ಅಂಗಡಿಗೆ ಒಯ್ದು ಕೀಲು ಬಿಚ್ಚಿಸುವ ಮೊದಲು ಈ ಕೆಲವು ಸಂಗತಿಗಳು ತಿಳಿದಿರಲಿ.

● ಲಿನಕ್ಸ್ ಕರ್ನಲ್‌ನಲ್ಲಿ ಸದ್ದಿನ ಉಸ್ತುವಾರಿ ನೋಡಿಕೊಳ್ಳುವ ಭಾಗದ ಹೆಸರು ಆಲ್ಸಾ. ಸೌಂಡ್ ಕಾರ್ಡನ್ನು ಮೊದಲ ಸಲ ಗುರುತಿಸಿದಾಗ ಚಾನೆಲ್‌ಗಳನ್ನೆಲ್ಲ ಮ್ಯೂಟ್ ಮಾಡಿಯೇ ಇಡುವುದು ಅದರ ಮೂಲ ರೂಢಿ. ಉಬುಂಟು, ಫೆಡೋರಾ ಮುಂತಾದ ಲಿನಕ್ಸ್ ವಿತರಣೆಗಳು ನಮ್ಮ ಪರವಾಗಿ ಅವನ್ನು ತೆರೆದುಕೊಡುತ್ತವೆ. ಆರ್ಚ್‌ನಂಥ ಕನಿಷ್ಠ ಸಜ್ಜಿನ ವಿತರಣೆಗಳಲ್ಲಿ ಆ ಕೆಲಸ ನಮ್ಮದೇ.

● ಪರದೆಯ ಮೂಲೆಯಲ್ಲಿರುವ ವಾಲ್ಯೂಮ್ ಪಟ್ಟಿ ಪೂರ್ತಿ ಕಥೆ ಹೇಳುವುದಿಲ್ಲ. ಅದು ತೋರಿಸುವುದು ಒಟ್ಟು ಮಟ್ಟವನ್ನು ಮಾತ್ರ. ಅದರ ಹಿಂದೆ ಮಾಸ್ಟರ್, ಸ್ಪೀಕರ್, ಹೆಡ್‌ಫೋನ್, ಪಿಸಿಎಂ ಎಂದು ಬೇರೆ ಬೇರೆ ಸ್ವಿಚ್ಚುಗಳಿರುತ್ತವೆ. ಮಾಸ್ಟರ್ ನೂರಕ್ಕೆ ನೂರಿದ್ದರೂ ಸ್ಪೀಕರ್ ಒಂದು ಮುಚ್ಚಿದ್ದರೆ ಪಿಸುಮಾತೂ ಕೇಳದು.

ಅವನ್ನೆಲ್ಲ ಒಟ್ಟಿಗೆ ನೋಡಲು ಟರ್ಮಿನಲ್ ತೆರೆದು 'ಆಲ್ಸಾಮಿಕ್ಸರ್' ಎಂದು ಟೈಪಿಸಬೇಕು. ಕಪ್ಪು ಪರದೆಯ ಮೇಲೆ ಸಾಲಾಗಿ ಕಂಬಗಳು ನಿಲ್ಲುತ್ತವೆ: ಕೆಳಗೆ ಹಸಿರು, ನಡುವೆ ಬಿಳಿ, ತುದಿಯಲ್ಲಿ ಕೆಂಪು. ಹಲವರು ಎಡವುವುದು ಇಲ್ಲೇ. ಆಲ್ಸಾ ಮೇಲಿನ ಪದರವಾದ ಪೈಪ್‌ವೈರ್ ಅಥವಾ ಪಲ್ಸ್‌ಆಡಿಯೋ ನಡೆಯುತ್ತಿರುವಾಗ ಮೊದಲಿಗೆ ಕಾಣುವುದು ಒಂದೇ ಒಂದು ಮಾಸ್ಟರ್ ಕಂಬ; ಎಲ್ಲವೂ ಸರಿಯಿದೆಯೆಂದು ಮುಚ್ಚಿಬಿಡುತ್ತಾರೆ. ಎಫ್6 ಕೀಲಿ ಒತ್ತಿ ನಿಜವಾದ ಸೌಂಡ್ ಕಾರ್ಡನ್ನು ಆರಿಸಿಕೊಂಡರೆ ಮಾತ್ರ ಉಳಿದ ಕಂಬಗಳು ಮುಖ ತೋರಿಸುತ್ತವೆ. ಕಂಬದ ಬುಡದಲ್ಲಿ ಎರಡು 'ಎಂ' ಇದ್ದರೆ ಅದು ಮುಚ್ಚಿದೆ. ಎರಡು ಸೊನ್ನೆಯಂಥ ಗುರುತಿದ್ದರೆ ತೆರೆದಿದೆ. ಬಾಣದ ಕೀಲಿಯಿಂದ ಅಲ್ಲಿಗೆ ಹೋಗಿ 'ಎಂ' ಒತ್ತಿದರೆ ಸಾಕು. ಮುಂದಿನ ಬೂಟ್‌ನಲ್ಲೂ ಅದು ಹಾಗೆಯೇ ಉಳಿಯಬೇಕೆಂದರೆ 'ಆಲ್ಸಾಸಿಟಿಎಲ್ ಸ್ಟೋರ್' ಎಂಬ ಕಮಾಂಡನ್ನು ಅಡ್ಮಿನ್ ಹಕ್ಕಿನಿಂದ ಕೊಡಬೇಕು.

● ಅದೇ ಪರದೆಯ ಬಲತುದಿಯಲ್ಲಿ 'ಆಟೋ-ಮ್ಯೂಟ್ ಮೋಡ್' ಎಂಬುದೊಂದು ಇರುತ್ತದೆ. ಹೆಡ್‌ಫೋನ್ ಚುಚ್ಚಿದೊಡನೆ ಸ್ಪೀಕರ್ ನಿಲ್ಲಿಸುವುದು ಇದರ ಕೆಲಸ. ಹೆಡ್‌ಫೋನ್ ತೂತಿನೊಳಗಿನ ಸಣ್ಣ ಸಂಪರ್ಕಪಟ್ಟಿ ದೂಳಿನಿಂದಲೋ ಸವೆತದಿಂದಲೋ ಸಿಕ್ಕಿಕೊಂಡರೆ, ಏನೂ ಚುಚ್ಚದಿದ್ದರೂ ಚುಚ್ಚಿದೆಯೆಂದೇ ಲ್ಯಾಪ್‌ಟಾಪ್ ತಿಳಿಯುತ್ತದೆ. ಪ್ಲಗ್ಗನ್ನು ನಾಲ್ಕಾರು ಸಲ ಹಾಕಿ ತೆಗೆದರೆ ಕೆಲವೊಮ್ಮೆ ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಆಟೋ-ಮ್ಯೂಟನ್ನೇ 'ಡಿಸೇಬಲ್ಡ್' ಮಾಡಿ. ಖರ್ಚಿಲ್ಲದ ರಿಪೇರಿಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದು.

● ಹಳೆಯ ಮ್ಯಾಕ್‌ಬುಕ್‌ಗಳ ಹೆಡ್‌ಫೋನ್ ತೂತಿನಲ್ಲಿ ಕೆಂಪು ಬೆಳಕು ಕಂಡರೆ ಬೆದರಬೇಕಿಲ್ಲ. ಆ ತೂತಿನಲ್ಲಿ ಬೆಳಕಿನ ಮೂಲಕ ಡಿಜಿಟಲ್ ಸದ್ದು ಕಳಿಸುವ ಏರ್ಪಾಡೂ ಇತ್ತು. ಆಲ್ಸಾಮಿಕ್ಸರ್‌ನಲ್ಲಿ 'ಐಇಸಿ958' ಎಂಬುದನ್ನು ಮ್ಯೂಟ್ ಮಾಡಿದರೆ ದೀಪ ಆರುತ್ತದೆ.

● ಕಂಪ್ಯೂಟರಿಗೆ ಎರಡು ಸೌಂಡ್ ಕಾರ್ಡ್ ಇರುವುದು ಈಗ ಮಾಮೂಲು. ಒಂದು ಸ್ಪೀಕರಿನದು, ಇನ್ನೊಂದು ಎಚ್‌ಡಿಎಂಐ ತೂತಿನದು. ಟೀವಿಗೋ ಪ್ರೊಜೆಕ್ಟರಿಗೋ ಜೋಡಿಸಿ ಬಿಚ್ಚಿದ ಮೇಲೆ ಸದ್ದು ಇನ್ನೂ ಎಚ್‌ಡಿಎಂಐ ಕಡೆಗೇ ಹರಿಯುತ್ತಿರಬಹುದು. ಆಗ ಹಾಡು ನಡೆಯುತ್ತಿರುತ್ತದೆ, ವಾಲ್ಯೂಮ್ ಪಟ್ಟಿ ಕುಣಿಯುತ್ತಿರುತ್ತದೆ, ಕಿವಿಗೆ ಮಾತ್ರ ಏನೂ ಬೀಳುವುದಿಲ್ಲ. ಸೆಟ್ಟಿಂಗ್ಸ್‌ನ ಸೌಂಡ್ ವಿಭಾಗದಲ್ಲಿ ಔಟ್‌ಪುಟ್ ಬದಲಿಸಿ. ಅಲ್ಲಿ ಸ್ಪೀಕರಿನ ಹೆಸರೇ ಇಲ್ಲದಿದ್ದರೆ 'ಪಾವುಕಂಟ್ರೋಲ್' ಎಂಬ ಪುಟ್ಟ ತಂತ್ರಾಂಶ ಹಾಕಿಕೊಂಡು ಅದರ ಕೊನೆಯ ಟ್ಯಾಬ್ ನೋಡಿ. ಕಾರ್ಡಿನ ಪ್ರೊಫೈಲ್ 'ಆಫ್' ಆಗಿರಬಹುದು.

● ಲಿನಕ್ಸಿಗೆ ಮೊದಲು ದನಿ ಕೊಟ್ಟವರು ಯಾರು ಗೊತ್ತೇ? ಲಿನಕ್ಸ್ ಜನಕ ಲೈನಸ್ ಟೊರ್ವಾಲ್ಡ್ಸ್‌ರಂತೆಯೇ ಫಿನ್ಲೆಂಡಿನವರಾದ ಹನ್ನು ಸವೊಲೈನೆನ್. ಕರ್ನಲ್ ಹುಟ್ಟಿದ ಮರುವರ್ಷ, 1992ರಲ್ಲಿ, ಸೌಂಡ್ ಬ್ಲಾಸ್ಟರ್ ಕಾರ್ಡಿಗೆ ಅವರು ಡ್ರೈವರ್ ಬರೆದರು. ಅದೇ ಬೆಳೆದು ಓಪನ್ ಸೌಂಡ್ ಸಿಸ್ಟಮ್ ಆಯಿತು.

ಆ ಕಾಲದಲ್ಲಿ ಬಹುತೇಕ ಕಾರ್ಡುಗಳಲ್ಲಿ ಒಂದು ಹೊತ್ತಿಗೆ ಒಂದೇ ತಂತ್ರಾಂಶ ಸದ್ದು ಮಾಡಬಹುದಿತ್ತು. ಹಾಡು ಕೇಳುತ್ತಿದ್ದರೆ ಆಟಕ್ಕೆ ಸದ್ದಿಲ್ಲ. 1998ರಲ್ಲಿ ಝೆಕ್ ದೇಶದ ಯಾರೊಸ್ಲಾವ್ ಕಿಸೆಲಾ ತಮ್ಮಲ್ಲಿದ್ದ ಗ್ರಾವಿಸ್ ಅಲ್ಟ್ರಾಸೌಂಡ್ ಕಾರ್ಡಿಗಾಗಿ ಬರೆದ ಡ್ರೈವರ್ ಆಲ್ಸಾ ಯೋಜನೆಗೆ ಬುನಾದಿಯಾಯಿತು. 2003ರ ಡಿಸೆಂಬರಿನಲ್ಲಿ ಬಂದ 2.6ನೇ ಕರ್ನಲ್‌ನಿಂದ ಆಲ್ಸಾ ಅಧಿಕೃತ.

● 90ರ ದಶಕದ ರೆಡ್‌ಹ್ಯಾಟ್ ಲಿನಕ್ಸಿನಲ್ಲಿ 'ಎಸ್‌ಎನ್‌ಡಿ-ಕಾನ್ಫಿಗ್' ಎಂಬ ಸಾಧನವಿತ್ತು. ಸೌಂಡ್ ಕಾರ್ಡ್ ಹೊಂದಿಸಿ ಮುಗಿದ ಮೇಲೆ ಪರೀಕ್ಷೆಗಾಗಿ ಅದು ನುಡಿಸುತ್ತಿದ್ದುದು ಲೈನಸ್ ಟೊರ್ವಾಲ್ಡ್ಸ್‌ರ ಸ್ವಂತ ದನಿಯನ್ನು.

● ಆಲ್ಸಾ ಮೇಲೆ ಇನ್ನೊಂದು ಪದರ ಬೇಕಾಯಿತು. ಒಂದೊಂದು ತಂತ್ರಾಂಶಕ್ಕೂ ಪ್ರತ್ಯೇಕ ವಾಲ್ಯೂಮ್ ಇಡುವುದು, ಬ್ಲೂಟೂತ್ ಸೇರಿಸುವುದು, ಸದ್ದನ್ನು ಒಂದು ಸಾಧನದಿಂದ ಇನ್ನೊಂದಕ್ಕೆ ತಿರುಗಿಸುವುದು, ಇವೆಲ್ಲ ಅದರ ಹೊಣೆ. ಲೆನಾರ್ಟ್ ಪೋಟರಿಂಗ್ ಬರೆದ ಪಲ್ಸ್‌ಆಡಿಯೋ 2007ರಲ್ಲಿ ಫೆಡೋರಾ 8ರ ಜೊತೆ, 2008ರಲ್ಲಿ ಉಬುಂಟು 8.04ರ ಜೊತೆ ಮನೆಮನೆಗೆ ಬಂತು. ಬಂದದ್ದೇ ತಡ, ದೂರುಗಳ ಸುರಿಮಳೆ. ಅದನ್ನು ಕಿತ್ತುಹಾಕುವುದು ಹೇಗೆ ಎಂಬ ಸಲಹೆಗಳು ಎಲ್ಲೆಡೆ ಹರಿದಾಡಿದವು. ಬೈಗುಳದ ಒಂದು ಪಾಲು ಸಲ್ಲಬೇಕಾದದ್ದು ಬೇರೆ ಕಡೆಗೆ ಎಂಬುದು ನನ್ನ ಅಭಿಪ್ರಾಯ. ಆವರೆಗೆ ಯಾವ ತಂತ್ರಾಂಶವೂ ಮುಟ್ಟಿರದ ಡ್ರೈವರ್ ಸೌಲಭ್ಯಗಳನ್ನು ಪಲ್ಸ್‌ಆಡಿಯೋ ಬಳಸತೊಡಗಿತು. ಡ್ರೈವರುಗಳೊಳಗೆ ವರ್ಷಗಳಿಂದ ಅಡಗಿದ್ದ ದೋಷಗಳು ಆಗ ಒಮ್ಮೆಲೇ ಹೊರಬಿದ್ದವು.

● ಇಂದಿನ ಪೈಪ್‌ವೈರ್ ಶುರುವಾದದ್ದು ಸದ್ದಿಗಾಗಿ ಅಲ್ಲ, ವಿಡಿಯೋಗಾಗಿ! ಜಿಸ್ಟ್ರೀಮರ್ ಎಂಬ ಮಲ್ಟಿಮೀಡಿಯಾ ಚೌಕಟ್ಟನ್ನು ಕಟ್ಟಿದವರಲ್ಲಿ ಒಬ್ಬರಾದ ವಿಮ್ ಟೇಮನ್ಸ್ ಇದರ ಜನಕ. 2021ರ ಫೆಡೋರಾ 34, 2022ರ ಉಬುಂಟು 22.10 ಇದನ್ನೇ ಸದ್ದಿನ ಮುಖ್ಯ ವ್ಯವಸ್ಥೆಯಾಗಿ ಒಪ್ಪಿಕೊಂಡವು. ಹಳೆಯ ತಂತ್ರಾಂಶಗಳ ಕಣ್ಣಿಗೆ ಇದು ಪಲ್ಸ್‌ಆಡಿಯೋ ಆಗಿಯೇ ಕಾಣುತ್ತದೆ, ಹೀಗಾಗಿ ಅವು ಬದಲಾಗಬೇಕಿಲ್ಲ.

● ಸದ್ದು ಹಠಾತ್ತನೆ ನಿಂತರೆ ಇಡೀ ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡುವ ಅಗತ್ಯವಿಲ್ಲ. 'ಸಿಸ್ಟಮ್‌ಸಿಟಿಎಲ್' ಕಮಾಂಡನ್ನು 'ಯೂಸರ್' ಆಯ್ಕೆಯೊಂದಿಗೆ ಕೊಟ್ಟು ಪೈಪ್‌ವೈರ್, ಪೈಪ್‌ವೈರ್-ಪಲ್ಸ್, ವೈರ್‌ಪ್ಲಂಬರ್ ಎಂಬ ಮೂರು ಸೇವೆಗಳನ್ನು ರೀಸ್ಟಾರ್ಟ್ ಮಾಡಿದರಾಯಿತು. ತೆರೆದಿಟ್ಟ ಕಡತಗಳು ಹಾಗೇ ಇರುತ್ತವೆ.

● ಪೈಪ್‌ವೈರ್‌ನ ಸದ್ದು ಯಾವ ಸಾಧನಕ್ಕೆ ಹೋಗಬೇಕೆಂದು ನಿರ್ಧರಿಸುವ ವೈರ್‌ಪ್ಲಂಬರ್ ನಮ್ಮ ಹಿಂದಿನ ಆಯ್ಕೆಗಳನ್ನೆಲ್ಲ ನೆನಪಿಟ್ಟುಕೊಳ್ಳುತ್ತದೆ, ತಪ್ಪು ಆಯ್ಕೆಗಳನ್ನೂ ಸೇರಿಸಿ. ಹೋಮ್ ಫೋಲ್ಡರಿನ 'ಡಾಟ್ ಲೋಕಲ್' ಒಳಗೆ 'ಸ್ಟೇಟ್', ಅದರೊಳಗೆ ಅದರ ಹೆಸರಿನದೇ ಫೋಲ್ಡರ್ ಇರುತ್ತದೆ. ಅದನ್ನು ಅಳಿಸಿ ಸೇವೆಯನ್ನು ಮತ್ತೆ ಆರಂಭಿಸಿದರೆ ಹಳೆಯದೆಲ್ಲ ಮರೆತು ಹೊಸದಾಗಿ ಶುರುಮಾಡುತ್ತದೆ.

● ತೊಂದರೆ ಯಾವ ಪದರದಲ್ಲಿದೆ ಎಂದು ಪತ್ತೆ ಮಾಡುವ ದಾರಿ ಸರಳ: ಕೆಳಗಿನಿಂದ ಮೇಲಕ್ಕೆ ಬನ್ನಿ. 'ಎಪ್ಲೇ' ಕಮಾಂಡಿಗೆ 'ಮೈನಸ್ ಎಲ್' ಸೇರಿಸಿದರೆ ಕರ್ನಲ್ ಗುರುತಿಸಿದ ಕಾರ್ಡುಗಳ ಪಟ್ಟಿ ಬರುತ್ತದೆ. ಪಟ್ಟಿಯೇ ಖಾಲಿಯಿದ್ದರೆ ದೋಷ ಡ್ರೈವರಿನಲ್ಲೋ ಫರ್ಮ್‌ವೇರಿನಲ್ಲೋ ಇದೆ. ವಾಲ್ಯೂಮ್ ತಿರುಗಿಸುತ್ತ ಕೂರುವುದು ವ್ಯರ್ಥ. ಪಟ್ಟಿಯಲ್ಲಿ ಕಾರ್ಡ್ ಇದ್ದರೆ 'ಸ್ಪೀಕರ್-ಟೆಸ್ಟ್' ಓಡಿಸಿ. ಸುಮ್ಮನೆ ಓಡಿಸಿದರೆ ಮಳೆ ಸುರಿದಂಥ ಮೊರೆತ ಕೇಳುತ್ತದೆ. ಎರಡು ಚಾನೆಲ್ ಎಂದೂ ವೇವ್ ಕಡತ ಎಂದೂ ಸೂಚಿಸಿದರೆ ಹೆಣ್ಣುದನಿಯೊಂದು ಎಡಬದಿಯ, ಬಲಬದಿಯ ಸ್ಪೀಕರುಗಳ ಹೆಸರನ್ನು ಇಂಗ್ಲಿಷಿನಲ್ಲಿ ಒಂದಾದ ಮೇಲೊಂದು ಹೇಳುತ್ತದೆ. ಎಡ-ಬಲ ಅದಲುಬದಲಾಗಿದ್ದರೂ ಆಗಲೇ ತಿಳಿಯುತ್ತದೆ.

● ಡೆಬಿಯನ್ ಅನುಸ್ಥಾಪನೆಯ ಮೊದಲ ಪರದೆಯಲ್ಲಿ 'ಎಸ್' ಒತ್ತಿ ಎಂಟರ್ ಕೊಟ್ಟರೆ ಇಡೀ ಅನುಸ್ಥಾಪನೆ ಮಾತನಾಡತೊಡಗುತ್ತದೆ. ಕಣ್ಣು ಕಾಣದವರು ಯಾರ ಸಹಾಯವೂ ಇಲ್ಲದೆ ತಮ್ಮ ಕಂಪ್ಯೂಟರನ್ನು ತಾವೇ ಸಜ್ಜುಗೊಳಿಸಿಕೊಳ್ಳಲಿ ಎಂದು ಮಾಡಿದ್ದು. ಆದರೆ ಕಂಪ್ಯೂಟರಿನಲ್ಲಿ ಎರಡು ಮೂರು ಸೌಂಡ್ ಕಾರ್ಡ್ ಇದ್ದರೆ ದನಿ ಯಾವುದರಿಂದ ಹೊರಡಬೇಕು? ತಪ್ಪು ಕಾರ್ಡಿಗೆ ಹೋದರೆ ಆ ಬಳಕೆದಾರರಿಗೆ ಕಂಪ್ಯೂಟರ್ ಇದ್ದೂ ಇಲ್ಲದಂತೆ. ಅದಕ್ಕೆ ಡೆಬಿಯನ್ ಹುಡುಕಿದ ಪರಿಹಾರ ನೋಡಿ: ಒಂದೊಂದೇ ಕಾರ್ಡಿನಿಂದ ಸರದಿಯಂತೆ ಮಾತನಾಡುತ್ತದೆ, ದನಿ ಕೇಳಿಸಿದಾಗ ಎಂಟರ್ ಒತ್ತಿ ಎನ್ನುತ್ತದೆ. ಎಂಟರ್ ಬಿದ್ದ ಕಾರ್ಡೇ ಸರಿಯಾದ ಕಾರ್ಡ್. ಸ್ಪೀಕರ್ ಸಮಸ್ಯೆಗೆ ಇಷ್ಟು ಮನುಷ್ಯತ್ವ ತುಂಬಿದ ಉತ್ತರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಲಿನಕ್ಸಿನಲ್ಲಿ ಪರದೆ ಓದಿ ಹೇಳುವ ತಂತ್ರಾಂಶದ ಹೆಸರು ಆರ್ಕಾ. ಇ-ಸ್ಪೀಕ್ ಎನ್‌ಜಿ ಜೊತೆ ಸೇರಿದಾಗ ಅದು ಕನ್ನಡವನ್ನೂ ಓದುತ್ತದೆ. ಉಚ್ಚಾರ ಯಾಂತ್ರಿಕ ನಿಜ, ಆದರೂ ಸಾಲು ಸಾಲಾಗಿ ಕನ್ನಡ ಕೇಳುತ್ತದೆ. ಕಣ್ಣು ಕಾಣದವರ ಲ್ಯಾಪ್‌ಟಾಪಿನಲ್ಲಿ ಸ್ಪೀಕರ್ ನಿಂತರೆ ಹಾಡು ನಿಂತಂತಲ್ಲ, ಪರದೆಯೇ ಆರಿದಂತೆ.

● ಲಿನಕ್ಸ್ ಯಂತ್ರವೊಂದು ಕನ್ನಡ ಮಾತಾಡುವ ಕನಸು ಕಂಡದ್ದು ಬೆಂಗಳೂರಿನಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರಿನವರೂ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಅಂಗೈಯಲ್ಲಿ ಹಿಡಿಯುವ ಆ ಕಂಪ್ಯೂಟರ್ ಓಡುತ್ತಿದ್ದುದು ಲಿನಕ್ಸಿನಿಂದ. ಓದು ಬಾರದವರಿಗೂ ಕಂಪ್ಯೂಟರ್ ಒದಗಲಿ ಎಂಬುದು ಉದ್ದೇಶ, ಆದ್ದರಿಂದ ಬರಹವನ್ನು ಮಾತಾಗಿಸುವುದು ಅದರ ಮುಖ್ಯ ಕಸುಬು. ರಮೇಶ್ ಹರಿಹರನ್ ಆ ಕೆಲಸದ ಮುಂದಾಳು. 'ಧ್ವನಿ' ಎಂಬ ಮುಕ್ತ ತಂತ್ರಾಂಶ ಮೊಳೆತದ್ದು ಅಲ್ಲಿಂದ. 2004ರಲ್ಲಿ ಬಿಇಎಲ್ ಸಹಯೋಗದಲ್ಲಿ ಈ ಯಂತ್ರ 'ಅಮಿಡಾ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು.

● ಈಗ ತಂತಿಗಳ ವಿಚಾರ. ಲ್ಯಾಪ್‌ಟಾಪ್ ಸ್ಪೀಕರ್ ತಕರಾರಿನ ಬೇರು ಇರುವುದು ಇಲ್ಲೇ. 1997ರ ಎಸಿ'97 ಪದ್ಧತಿಯ ಜಾಗಕ್ಕೆ ಇಂಟೆಲ್ 2004ರಲ್ಲಿ ಹೈ ಡೆಫಿನಿಷನ್ ಆಡಿಯೋ (ಎಚ್‌ಡಿಎ) ತಂದಿತು. ಅಂಕಿಗಳನ್ನು ಸದ್ದಿನ ಅಲೆಯಾಗಿ ಬದಲಿಸುವ ಕೋಡೆಕ್ ಎಂಬ ಚಿಪ್ಪಿಗೆ ಹಲವು ಕಾಲುಗಳು. ಯಾವ ಕಾಲಿಗೆ ಸ್ಪೀಕರ್, ಯಾವುದಕ್ಕೆ ಹೆಡ್‌ಫೋನ್, ಯಾವುದಕ್ಕೆ ಮೈಕ್ ಬೆಸೆಯಬೇಕೆಂಬುದು ಲ್ಯಾಪ್‌ಟಾಪ್ ತಯಾರಕರ ಇಷ್ಟ. ಬೆಸೆದ ಬಗೆಯನ್ನು ಅವರು ಬಯಾಸ್‌ನಲ್ಲಿ ಬರೆದಿಡಬೇಕು, ಕರ್ನಲ್ ಅದನ್ನು ಓದಿಕೊಳ್ಳುತ್ತದೆ. ಎಷ್ಟೋ ತಯಾರಕರು ಅಲ್ಲಿ ತಪ್ಪು ಬರೆಯುತ್ತಾರೆ, ಅಥವಾ ಬರೆಯುವುದೇ ಇಲ್ಲ. ವಿಂಡೋಸ್ ಡ್ರೈವರಿನಲ್ಲಿ ಬೇರೆಯಾಗಿ ಸರಿಪಡಿಸಿಕೊಂಡಿರುವುದರಿಂದ ಅಲ್ಲಿ ತಪ್ಪು ಕಾಣಿಸದು. ಯಾವ ಸ್ವಿಚ್ಚು ಯಾವ ದೀಪಕ್ಕೆಂದು ಗುರುತಿಲ್ಲದ ಹೊಸ ಮನೆಯ ಸ್ವಿಚ್‌ಬೋರ್ಡಿನ ಮುಂದೆ ನಿಂತಂತೆ ಲಿನಕ್ಸಿನ ಸ್ಥಿತಿ.

ಹೀಗಾಗಿ ಕರ್ನಲ್ ಒಳಗೆ ಲ್ಯಾಪ್‌ಟಾಪ್ ಮಾದರಿಗಳ ದೊಡ್ಡದೊಂದು ಪಟ್ಟಿಯೇ ಬೆಳೆದಿದೆ. ತೈವಾನಿನ ರಿಯಲ್‌ಟೆಕ್ ಕೋಡೆಕ್‌ಗಳಿಗೆ ಸೇರಿದ ಭಾಗದಲ್ಲೇ ಸಾವಿರಕ್ಕೂ ಹೆಚ್ಚು ನಮೂದುಗಳಿವೆ. ಇಂಥ ಕಂಪನಿಯ ಇಂಥ ಮಾದರಿ ಕಂಡರೆ ಇಂಥ ಕಾಲನ್ನು ಸ್ಪೀಕರ್ ಎಂದು ತಿಳಿ: ಒಂದೊಂದು ನಮೂದೂ ಹೀಗೆ ಒಂದೇ ಸಾಲು. ಬಳಿಯಲ್ಲಿ ಆ ಲ್ಯಾಪ್‌ಟಾಪ್ ಇದ್ದ ಯಾರೋ ಒಬ್ಬರು ತಾಳ್ಮೆಯಿಂದ ಪರೀಕ್ಷಿಸಿ ತಿಳಿಸಿದ್ದರಿಂದ ಹುಟ್ಟಿದ ಸಾಲುಗಳು ಅದರಲ್ಲಿ ಬೇಕಾದಷ್ಟಿವೆ. ಸೂಸೆ ಕಂಪನಿಯ ತಕಾಶಿ ಇವಾಯ್ ಈ ವಿಭಾಗವನ್ನು ಬಹಳ ವರ್ಷಗಳಿಂದ ಕಾಯುತ್ತ ಬಂದಿದ್ದಾರೆ.

ಒಂದು ಉದಾಹರಣೆ: 2019ರ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್, ಏಳನೇ ಪೀಳಿಗೆಯದು. ಅದರಲ್ಲಿ ನಾಲ್ಕು ಸ್ಪೀಕರುಗಳು. ಮಂದ್ರದ ಎರಡು ಸ್ಪೀಕರುಗಳನ್ನು ಕರ್ನಲ್ ಹೋಗಿ ಜೋಡಿಸಿದ್ದು ಕೋಡೆಕ್‌ನಲ್ಲಿ ವಾಲ್ಯೂಮ್ ನಿಯಂತ್ರಣವೇ ಇಲ್ಲದ ಪರಿವರ್ತಕಕ್ಕೆ. ಕೀಲಿ ಒತ್ತಿ ಸದ್ದು ತಗ್ಗಿಸಿದರೆ ಮೇಲುದನಿ ತಗ್ಗುತ್ತಿತ್ತು, ಮಂದ್ರ ಇದ್ದ ಹಾಗೇ ಇರುತ್ತಿತ್ತು. ಆ ಪರಿವರ್ತಕದ ಗೋಜಿಗೇ ಹೋಗದೆ, ವಾಲ್ಯೂಮ್ ಇರುವ ಇನ್ನೊಂದಕ್ಕೆ ಜೋಡಿಸು ಎಂಬ ತಿದ್ದುಪಡಿ ಸೇರಿದ ಮೇಲೆ ನಾಲ್ಕೂ ಒಟ್ಟಿಗೆ ಏರಿಳಿದವು. ಯಾರೂ ಯಂತ್ರದ ಒಂದು ಸ್ಕ್ರೂ ಸಹ ತಿರುಗಿಸಲಿಲ್ಲ.

● ಕೋಡೆಕ್‌ನ ಕಾಲುಗಳನ್ನು ನೀವೇ ಪರೀಕ್ಷಿಸಲು 'ಎಚ್‌ಡಿಎ-ಜ್ಯಾಕ್-ರೀಟಾಸ್ಕ್' ಎಂಬ ಗ್ರಾಫಿಕಲ್ ಸಾಧನವಿದೆ. 'ಸಂಪರ್ಕವಿಲ್ಲ' ಎಂದು ತೋರಿಸುವ ಕಾಲನ್ನು ಆಂತರಿಕ ಸ್ಪೀಕರ್ ಎಂದು ಬದಲಿಸಿ 'ಅಪ್ಲೈ ನೌ' ಒತ್ತಿ ನೋಡಬಹುದು. ಸದ್ದು ಬಂದರೆ ಬೂಟ್‌ಗೂ ಅನ್ವಯಿಸಿ. ಬಾರದಿದ್ದರೆ ರೀಸ್ಟಾರ್ಟ್ ಮಾಡಿದಾಗ ಎಲ್ಲ ಮೊದಲಿನಂತಾಗುತ್ತದೆ.

● ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವ ಲ್ಯಾಪ್‌ಟಾಪಿನಲ್ಲಿ, ವಿಂಡೋಸಿನಿಂದ ನೇರವಾಗಿ ರೀಸ್ಟಾರ್ಟ್ ಮಾಡಿ ಲಿನಕ್ಸಿಗೆ ಬಂದಾಗ ಮಾತ್ರ ಸದ್ದು ಇಲ್ಲವೇ? ವಿಂಡೋಸ್ ಬಿಟ್ಟುಹೋದ ಸ್ಥಿತಿಯಲ್ಲೇ ಕೋಡೆಕ್ ಉಳಿದುಕೊಂಡಿರುತ್ತದೆ. ಪೂರ್ತಿ ಆಫ್ ಮಾಡಿ, ಕೆಲವು ಸೆಕೆಂಡ್ ಬಿಟ್ಟು ಆನ್ ಮಾಡಿ. ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ಆಯ್ಕೆಯನ್ನೂ ತೆಗೆದುಬಿಡುವುದು ಒಳ್ಳೆಯದು.

● ಹಾಡು ಶುರುವಾಗುವಾಗ, ಮುಗಿದ ಕೆಲವು ಕ್ಷಣಕ್ಕೆ ಸ್ಪೀಕರಿನಿಂದ 'ಟಪ್' ಎಂಬ ಸದ್ದು ಬಂದರೆ ಅದು ವಿದ್ಯುತ್ ಉಳಿತಾಯದ ಫಲ. ಕೆಲಸವಿಲ್ಲದಾಗ ಕೋಡೆಕ್ ನಿದ್ದೆ ಹೋಗುತ್ತದೆ, ಮಲಗುವಾಗಲೂ ಏಳುವಾಗಲೂ ಸ್ಪೀಕರಿಗೆ ಸಣ್ಣ ಏಟು ಬೀಳುತ್ತದೆ. ಇಂಟೆಲ್ ಎಚ್‌ಡಿಎ ಡ್ರೈವರಿನ 'ಪವರ್ ಸೇವ್' ಮೌಲ್ಯವನ್ನು 0 ಮಾಡಿದರೆ ನಿಲ್ಲುತ್ತದೆ. ಬ್ಯಾಟರಿ ತುಸು ಹೆಚ್ಚು ಖರ್ಚಾದೀತು.

● ಸೆಟ್ಟಿಂಗ್ಸ್‌ನಲ್ಲಿ 'ಡಮ್ಮಿ ಔಟ್‌ಪುಟ್' ಎಂದಷ್ಟೇ ಕಂಡರೆ ಒಂದು ಕಾರ್ಡೂ ಸಿಕ್ಕಿಲ್ಲವೆಂದರ್ಥ. ಸದ್ದು ನುಡಿಸಲು ಹೊರಟ ತಂತ್ರಾಂಶ ತಾಣವಿಲ್ಲದೆ ಮಧ್ಯದಲ್ಲೇ ನಿಂತುಬಿಡದಿರಲೆಂದು ಇಟ್ಟಿರುವ ಖಾಲಿ ಪಾತ್ರೆ ಅದು. ಏನು ಸುರಿದರೂ ಮಾಯ.

ಈಚಿನ ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ಹೀಗಾದರೆ ಮೊದಲು ಅನುಮಾನಿಸಬೇಕಾದದ್ದು ಫರ್ಮ್‌ವೇರನ್ನು. ಡಿಜಿಟಲ್ ಮೈಕ್ ಇರುವ ಯಂತ್ರಗಳಲ್ಲಿ ಸದ್ದು ಪ್ರೊಸೆಸರ್ ಬದಿಯ ಡಿಎಸ್‌ಪಿ ಎಂಬ ಪ್ರತ್ಯೇಕ ಭಾಗವನ್ನು ಹಾದು ಬರುತ್ತದೆ. ಅದಕ್ಕೆ ಬೇಕಾದ ಸೌಂಡ್ ಓಪನ್ ಫರ್ಮ್‌ವೇರ್ (ಎಸ್‌ಒಎಫ್) ಯೋಜನೆಯನ್ನು ಇಂಟೆಲ್ 2018ರಲ್ಲಿ ಪ್ರಕಟಿಸಿತು. ಮೂಲ ಸಂಕೇತ ಮುಕ್ತ, ಆದರೆ ಬಹಳಷ್ಟು ಲ್ಯಾಪ್‌ಟಾಪುಗಳ ಡಿಎಸ್‌ಪಿ ಒಪ್ಪುವುದು ಇಂಟೆಲ್ ಸಹಿ ಹಾಕಿದ ಕಡತವನ್ನು ಮಾತ್ರ. ಮುಕ್ತ ತಂತ್ರಾಂಶದ ಬಳಕೆದಾರನಾಗಿ ಇದು ನನಗೆ ನೋವಿನ ವಿಷಯವೇ. 'ಡಿಎಂಇಸ್ಜಿ' ಕಮಾಂಡಿನ ಸಾಲುಗಳಲ್ಲಿ 'ಎಸ್‌ಒಎಫ್' ಹುಡುಕಿ. ಫರ್ಮ್‌ವೇರ್ ಹೆಸರಿನ ಜೊತೆ 'ಎರರ್ -2' ಎಂದಿದ್ದರೆ ಕಡತವೇ ಸಿಗಲಿಲ್ಲ ಎಂದು. ಡೆಬಿಯನ್, ಫೆಡೋರಾ, ಆರ್ಚ್ ಮೂರರಲ್ಲೂ ಎಸ್‌ಒಎಫ್ ಫರ್ಮ್‌ವೇರಿನ ಪ್ಯಾಕೇಜ್ ಇದೆ. ಹಾಕಿ ರೀಸ್ಟಾರ್ಟ್ ಮಾಡಿ.

ಹಳೆಯ ಡ್ರೈವರನ್ನೇ ಬಳಸುವಂತೆ ಒತ್ತಾಯಿಸುವ ಆಯ್ಕೆಯೂ ಉಂಟು. ಅದರಿಂದ ಸ್ಪೀಕರ್ ಬಂದೀತು, ಒಳಗಿನ ಮೈಕ್ ಹೋದೀತು.

● ವಾಲ್ಯೂಮ್ 100ರ ಮೇಲೂ ಹೋಗುತ್ತದೆ! ಪಾವುಕಂಟ್ರೋಲ್‌ನಲ್ಲಿ 153ರವರೆಗೆ ಏರಿಸಬಹುದು, ಅಂದರೆ ಮೂಲಕ್ಕಿಂತ 11 ಡೆಸಿಬೆಲ್ ಹೆಚ್ಚು. ಆ ಹೆಚ್ಚುವರಿ ಬರುವುದು ಅಂಕಿಗಳನ್ನು ಗುಣಿಸುವುದರಿಂದ. ಅಲೆಯ ತುದಿ ಕತ್ತರಿಸಿಹೋಗಿ ಸದ್ದು ಒಡೆಯುತ್ತದೆ. ಸ್ಪೀಕರ್ ಹರಿದಿದೆಯೆಂದು ಚಿಂತಿಸುವ ಮುನ್ನ ಈ ಅಂಕಿ ನೋಡಿ.

● ಹೊಸ ಲ್ಯಾಪ್‌ಟಾಪಿನಿಂದ ತೆಳ್ಳಗೆ, ಡಬ್ಬಿಯೊಳಗಿಂದ ಬಂದಂತೆ ಸದ್ದು ಬರುತ್ತಿದ್ದರೆ, ಮಂದ್ರದ ಸ್ಪೀಕರುಗಳು ಇನ್ನೂ ಎಚ್ಚರಗೊಂಡಿಲ್ಲದಿರಬಹುದು. ಸಿರಸ್ ಲಾಜಿಕ್, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಗಳ 'ಸ್ಮಾರ್ಟ್ ಆ್ಯಂಪ್' ಚಿಪ್ಪುಗಳು ಈಗ ಹಲವು ಲ್ಯಾಪ್‌ಟಾಪುಗಳಲ್ಲಿವೆ. ಅವಕ್ಕೆ ಪ್ರತ್ಯೇಕ ಡ್ರೈವರೂ ಆಯಾ ಮಾದರಿಗೆಂದೇ ಮಾಡಿದ ಕಡತವೂ ಬೇಕು. ಕರ್ನಲ್ ಮತ್ತು ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜನ್ನು ಹೊಸದಾಗಿಸುವುದೇ ಇಲ್ಲಿ ಮೊದಲ ಮದ್ದು.

● ತಂತ್ರಾಂಶದಿಂದ ಸ್ಪೀಕರನ್ನು ನಿಜವಾಗಿಯೂ ಸುಟ್ಟುಹಾಕಬಹುದೇ? ಹೌದು. ಆಪಲ್‌ನ ಎಂ ಸರಣಿಯ ಮ್ಯಾಕ್‌ಬುಕ್‌ಗಳಿಗೆ ಲಿನಕ್ಸ್ ತಂದ ಅಸಾಹಿ ಲಿನಕ್ಸ್ ತಂಡ ಇದೇ ಕಾರಣಕ್ಕೆ ಸ್ಪೀಕರುಗಳನ್ನು ಬಹುಕಾಲ ಮುಚ್ಚಿಯೇ ಇಟ್ಟಿತ್ತು. ಆ ಪುಟ್ಟ ಸ್ಪೀಕರುಗಳು ತಾಳಿಕೊಳ್ಳುವುದಕ್ಕಿಂತ ಹೆಚ್ಚು ಶಕ್ತಿಯನ್ನು ಆಂಪ್ಲಿಫೈಯರ್ ಕೊಡಬಲ್ಲದು. ಹೆಚ್ಚು ಹೊತ್ತು ಜೋರಾಗಿ ನುಡಿಸಿದರೆ ಒಳಗಿನ ತಂತಿಸುರುಳಿ ಕಾದು ಹಾಳಾಗುತ್ತದೆ. ತಂಡ ಇದಕ್ಕಾಗಿ ರಸ್ಟ್ ಭಾಷೆಯಲ್ಲಿ 'ಸ್ಪೀಕರ್‌ಸೇಫ್ಟಿಡಿ' ಎಂಬ ಕಾವಲು ತಂತ್ರಾಂಶ ಬರೆಯಿತು. ಸ್ಪೀಕರಿಗೆ ಹರಿಯುವ ವೋಲ್ಟೇಜು, ಕರೆಂಟುಗಳನ್ನು ಆಂಪ್ಲಿಫೈಯರಿನಿಂದ ಕೇಳಿ ತಿಳಿದು ಸುರುಳಿ ಎಷ್ಟು ಬಿಸಿಯಾಗಿದೆಯೆಂದು ಅದು ಎಡೆಬಿಡದೆ ಲೆಕ್ಕ ಹಾಕುತ್ತದೆ. ಮಿತಿ ಹತ್ತಿರವಾದರೆ ಸದ್ದು ತಗ್ಗಿಸುತ್ತದೆ. ಈ ಕಾವಲು ತಂತ್ರಾಂಶವೇ ನಿಂತುಹೋದರೆ ಕರ್ನಲ್ ತಾನೇ ಸುರಕ್ಷಿತ ಮಟ್ಟಕ್ಕೆ ಇಳಿಸುತ್ತದೆ.

ಅದೇ ತಂಡದ ಇನ್ನೊಂದು ಕೈಚಳಕದ ಹೆಸರು 'ಬ್ಯಾಂಕ್ಸ್‌ಟೌನ್'. ಒಂದು ಸ್ವರದ ಮೂಲ ಕಂಪನವನ್ನು ತೆಗೆದು ಅದರ ಗುಣಕ ಕಂಪನಗಳನ್ನಷ್ಟೇ ಕೇಳಿಸಿದರೂ ನಮ್ಮ ಮಿದುಳು ಮೂಲ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಪುಟ್ಟ ಸ್ಪೀಕರಿನಿಂದ ಹೊರಡಲಾಗದ ಮಂದ್ರವನ್ನು ಬ್ಯಾಂಕ್ಸ್‌ಟೌನ್ ಈ ಉಪಾಯದಿಂದ ಕಿವಿಗೆ ಒಪ್ಪಿಸುತ್ತದೆ.

● ಏನು ಮಾಡಿದರೂ ಬಗ್ಗದ ಮೌನಕ್ಕೆ 'ಆಲ್ಸಾ-ಇನ್ಫೋ' ಇದೆ. ಕೋಡೆಕ್ಕಿನ ಹೆಸರು, ಕಾಲುಗಳ ಸ್ಥಿತಿ, ಮಿಕ್ಸರಿನ ಮಟ್ಟ, ಲ್ಯಾಪ್‌ಟಾಪ್ ಮಾದರಿಯ ಗುರುತುಸಂಖ್ಯೆ, ಎಲ್ಲವನ್ನೂ ಒಂದೇ ಕಡತದಲ್ಲಿ ಕಟ್ಟಿಕೊಡುತ್ತದೆ. ನಿಮ್ಮ ವಿತರಣೆಯ ಬಗ್ ವಿಭಾಗಕ್ಕೆ ಆ ಕಡತ ಸೇರಿಸಿ ಬರೆಯಿರಿ. 'ಸೌಂಡ್ ಬರ್ತಿಲ್ಲ' ಎಂದಷ್ಟೇ ಬರೆದರೆ ಯಾರಿಗೂ ಏನೂ ಮಾಡಲಾಗದು. ಹೆಡ್‌ಫೋನಿನಲ್ಲಿ ಕೇಳುತ್ತದೆಯೇ, ವಿಂಡೋಸಿನಲ್ಲಿ ಕೇಳುತ್ತಿತ್ತೇ, ಹಿಂದಿನ ಕರ್ನಲ್‌ನಲ್ಲಿ ಸರಿಯಿತ್ತೇ ಎಂಬ ಮೂರು ಮಾತು ಅದರಲ್ಲಿರಲಿ.

● ಹೊಸ ಲ್ಯಾಪ್‌ಟಾಪ್ ಕೊಳ್ಳುವವರು ಉಬುಂಟು ಅಥವಾ ಫೆಡೋರಾದ ಲೈವ್ ಪೆನ್‌ಡ್ರೈವ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಬಹುದು. ಡಿಸ್ಕಿಗೆ ಏನನ್ನೂ ಬರೆಯದೆ ಅದರಿಂದಲೇ ಬೂಟ್ ಆಗುತ್ತದೆ. ಅಂಗಡಿಯವರ ಒಪ್ಪಿಗೆ ಪಡೆದು ಸ್ಪೀಕರ್-ಟೆಸ್ಟ್ ಓಡಿಸಿ. ಎಡ, ಬಲ, ಹೆಡ್‌ಫೋನ್, ಮೈಕ್, ಜೊತೆಗೆ ಮುಚ್ಚಳ ಮುಚ್ಚಿ ತೆರೆದ ಮೇಲೂ ಸದ್ದು ಬರುತ್ತದೆಯೇ ಎಂಬುದನ್ನು ಹಣ ಕೊಡುವ ಮೊದಲೇ ನೋಡಿಕೊಳ್ಳಬಹುದು.